ಹದಿನಾಲ್ಕನೇ ನಂಬರಿನ ಕಿಟಕಿ

ಹೊರಡುವ ಮುನ್ನ: ಮರ್ಫಿ ಟೌನ್

ಪರಿಸರ ಸಂರಕ್ಷಣೆಯಲ್ಲಿ ನನಗೆ ಮೂವತ್ತೊಂದು ವರ್ಷಗಳ ಅನುಭವವಿದೆ. ಬೆಂಗಳೂರು ದಂಡಿನ ಒಂದು ಹಳೆಯ ಕಾಲೇಜಿನಲ್ಲಿ ನಾನು ಮೇಂಟೆನೆನ್ಸ್ ಸೂಪರ್‌ವೈಸರ್ ಆಗಿದ್ದೆ. ಪ್ರತಿ ಜೂನ್ ತಿಂಗಳಲ್ಲಿ ಪ್ರಿನ್ಸಿಪಾಲರು ಒಂದು ಸಸಿ ನೆಡುತ್ತಿದ್ದರು. ಗುಂಡಿ ತೋಡಿಸಿಡುವುದು ನನ್ನ ಜವಾಬ್ದಾರಿ. ಗುಂಡಿ ಪ್ರತಿವರ್ಷವೂ ಅದೇ. ಹಿಂದಿನ ವರ್ಷದ ಸಸಿ ಅಷ್ಟರಲ್ಲಿ ದೈವಾಧೀನವಾಗಿರುತ್ತಿದ್ದುದರಿಂದ ಹೊಸ ಗುಂಡಿಯ ಅಗತ್ಯ ಬೀಳುತ್ತಿರಲಿಲ್ಲ. ವಿದ್ಯಾರ್ಥಿಗಳು ಬ್ಯಾನರ್ ಹಿಡಿದು, ಫೋಟೋ ತೆಗೆಸಿಕೊಂಡು, ಬಿಸ್ಕತ್ತು ತಿಂದು, ಭೂಮಂಡಲವನ್ನು ಮುಂದಿನ ಜೂನಿನವರೆಗೆ ನನ್ನ ವಶಕ್ಕೆ ಒಪ್ಪಿಸಿ ಹೋಗುತ್ತಿದ್ದರು.

ಇಂಥ ಅನುಭವಸ್ಥನು ನಿವೃತ್ತನಾಗಿ ಮನೆಯಲ್ಲಿ ಕುಳಿತಿರುವಾಗ ಸ್ಕಾಟ್ಲೆಂಡಿನಿಂದ ಕರೆ ಬಂತು. ಕರೆದವಳು ನನ್ನ ತಂಗಿಯ ಮಗಳು ಸುಜಾತಾ. ಅಲ್ಲಿನ ಒಂದು ಸಮುದ್ರ ತೀರದ ಊರಿನ ವಿಶ್ವವಿದ್ಯಾಲಯದಲ್ಲಿ ಅವಳು ಹಾಸ್ಟೆಲಿನ ಮ್ಯಾನೇಜರು. "ಮಾವ, ಒಂದ್ಸಲ ಬನ್ನಿ. ನಿಮ್ಗೆ ಹಳೇ ಕಟ್ಟಡ ಅಂದ್ರೆ ಇಷ್ಟ ಅಲ್ವಾ? ನಮ್ಮ ಹಾಸ್ಟೆಲಿಗೆ ನೂರು ವರ್ಷದ ಮೇಲಾಗಿದೆ" ಎಂದಳು. ನನ್ನ ಹೆಂಡತಿ ಕಮಲಾ ಮಂಡಿನೋವಿನ ಕಾರಣ ಕೊಟ್ಟು ಬರುವುದಿಲ್ಲವೆಂದಳು. ಆದರೆ ನನ್ನ ಪೆಟ್ಟಿಗೆ ಕಟ್ಟುವಾಗ ಅವಳ ಮಂಡಿಗಳು ಬಹಳ ಉತ್ಸಾಹದಿಂದ ಓಡಾಡುತ್ತಿದ್ದವು. ಬೆರಳುದ್ದದ ಹಿತ್ತಾಳೆ ಗಣಪತಿ, ನಾಲ್ಕು ಪೊಟ್ಟಣ ಊದುಬತ್ತಿ, ಚಟ್ನಿಪುಡಿ ಇಟ್ಟಳು.

"ನೋಡ್ರೀ, ಅಲ್ಲಿ ಹೋಗಿ ಯಾರ್ಗೂ ಬುದ್ಧಿ ಹೇಳ್ಬೇಡಿ. ಕೇಳಿದ್ರೆ ಮಾತ್ರ ಹೇಳಿ."

"ಕೇಳದೆ ನಾನ್ಯಾವಾಗ ಹೇಳಿದ್ದೀನಿ?"

ಕಮಲಾ ಫ್ಯಾನನ್ನು ನೋಡಿದಳು.

ಮೊದಲ ಬೆಳಗ್ಗೆ: ಹುಲ್ಲಿನ ಮೇಲೆ ನೂರು ಜನ

ಆ ಊರಿನಲ್ಲಿ ಎಲ್ಲವೂ ಕಲ್ಲು. ಮನೆ ಕಲ್ಲು, ರಸ್ತೆ ಕಲ್ಲು, ಮಾರ್ಚ್ ತಿಂಗಳ ಆಕಾಶವೂ ಹೆಚ್ಚು ಕಡಿಮೆ ಕಲ್ಲೇ. ಗಾಳಿಯೊಂದು ಮಾತ್ರ ಓಡಾಡುತ್ತದೆ, ಎಲ್ಲರ ಪರವಾಗಿ ಅದೊಂದೇ ಓಡಾಡುತ್ತದೆ. ಸುಜಾತಾಳ ಮನೆ ಚಿಕ್ಕದಾದ್ದರಿಂದ ಹಾಸ್ಟೆಲಿನ ಮೊದಲ ಮಹಡಿಯ ಅತಿಥಿ ಕೋಣೆ, ಹದಿನಾಲ್ಕನೇ ನಂಬರು, ನನಗೆ ಮೀಸಲಾಗಿತ್ತು. ಒಂದು ಮಂಚ, ಒಂದು ಮೇಜು, ಗೋಡೆಯ ಗೂಡಿನಲ್ಲಿ ಬೆಂಕಿಪೊಟ್ಟಣದಷ್ಟು ಬಿಳಿಯ ಪೆಟ್ಟಿಗೆ. ಈ ಚಳಿಯಲ್ಲೂ ಸೊಳ್ಳೆ ಮಶೀನು ಇಟ್ಟಿದ್ದಾರಲ್ಲ ಎಂದು ಅವರ ಅತಿಥಿ ಸತ್ಕಾರಕ್ಕೆ ಮನಸ್ಸಿನಲ್ಲೇ ಕೈಮುಗಿದು, ಅದರ ಪಕ್ಕದಲ್ಲಿ ಗಣಪತಿಯನ್ನು ಕೂರಿಸಿದೆ. ಕಿಟಕಿಯ ಗಾಜಿನ ಮೇಲೆ ಒಂದು ನೋಟಿಸು ಅಂಟಿಸಿದ್ದರು. ಮೂವತ್ತೊಂದು ವರ್ಷ ನೋಟಿಸು ಅಂಟಿಸಿದವನು ನಾನು. ಅದನ್ನು ಓದುವುದು ಬೇರೆಯವರ ಖಾತೆಗೆ ಸೇರಿದ ಕೆಲಸ.

ಮಾರನೆಯ ದಿನ ಐದೂವರೆಗೆ ಎದ್ದು, ಮುಖ ತೊಳೆದು, ಗಣಪತಿಗೆ ಎರಡು ಊದುಬತ್ತಿ ಹಚ್ಚಿದೆ. ಮೂರನೆಯ ನಿಮಿಷಕ್ಕೆ ಇಡೀ ಕಟ್ಟಡ ಕಿರುಚತೊಡಗಿತು. ಆ ಸದ್ದಿನ ಮುಂದೆ ನಮ್ಮ ಹಲಸೂರಿನ ಮದುವೆ ಬ್ಯಾಂಡು ಲಾಲಿ ಹಾಡು. ಹತ್ತು ನಿಮಿಷದಲ್ಲಿ ನೂರು ಜನ ವಿದ್ಯಾರ್ಥಿಗಳು ಕಂಬಳಿ ಹೊದ್ದು, ಬರಿಗಾಲಲ್ಲಿ, ಹಿಮ ಬಿದ್ದ ಹುಲ್ಲಿನ ಮೇಲೆ ನಿಂತಿದ್ದರು. ಒಬ್ಬನೂ ಬಯ್ಯಲಿಲ್ಲ. ನನ್ನ ಕಾಲು ತುಳಿದ ಹುಡುಗಿ ಸಾರಿ ಎಂದಳು. ನಾನು ತುಳಿದ ಹುಡುಗನೂ ಸಾರಿ ಎಂದ. ನಮ್ಮಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಅಪರಾಧಿ ಸಿಕ್ಕಿ, ಅವನ ವಂಶಾವಳಿಯೂ ಹೊರಬಿದ್ದಿರುತ್ತಿತ್ತು.

"ಗಣೇಶ, ನಿನ್ನಿಂದ ಇಷ್ಟು ಜನಕ್ಕೆ ತೊಂದ್ರೆ ಆಯ್ತಲ್ಲಪ್ಪಾ" ಎಂದು ಗೊಣಗಿದೆ.

ಪಕ್ಕದ ಕಂಬಳಿಯೊಳಗಿನಿಂದ ಕನ್ನಡ ಬಂತು. "ಅರೆ! ಅಂಕಲ್, ಬೆಂಗ್ಳೂರಾ? ಅಗರಬತ್ತಿ ನೀವೇನಾ ಹಚ್ಚಿದ್ದು?"

ಹುಡುಗಿಯ ಹೆಸರು ಶಬಾನಾ. ಶಿವಾಜಿನಗರದವಳು, ಅಲ್ಲಿ ಎರಡನೆಯ ವರ್ಷದ ಎಂ.ಎಸ್ಸಿ. ಓದುತ್ತಿದ್ದಳು. ನಾನು ಮರ್ಫಿ ಟೌನ್ ಎಂದೆ. ಐದು ಸಾವಿರ ಮೈಲಿ ಹಾರಿ ಬಂದು, ನಾವಿಬ್ಬರೂ ಒಂದೇ ಬಸ್ಸಿನ ಗಿರಾಕಿಗಳೆಂದು ಹಿಮದಲ್ಲಿ ನಿಂತು ಪತ್ತೆ ಮಾಡಿದೆವು.

ಸುಜಾತಾ ಬಂದು, "ಮಾವ, ಊದುಬತ್ತಿ ಒಳಗಡೆ ಬೇಡ. ಏನಿದ್ರೂ ಹೊರಗಡೆ" ಎಂದು ಸಣ್ಣ ದನಿಯಲ್ಲಿ ಆಜ್ಞೆ ಮಾಡಿದಳು.

ಕಾನೂನು ಪಾಲಿಸುವವನು ನಾನು. ಮರುದಿನದಿಂದ ಕಿಟಕಿ ತೆರೆದು, ಕೈಯನ್ನು ಹೊರಗೆ ಚಾಚಿ, ಊದುಬತ್ತಿಯನ್ನು ಸ್ಕಾಟ್ಲೆಂಡಿನ ಬಯಲಲ್ಲೇ ಬೆಳಗಿದೆ. ಬತ್ತಿ ಪೂರ್ತಿ ಉರಿಯುವವರೆಗೆ ಅರ್ಧ ಗಂಟೆ. ಸಂಜೆ ಆರಕ್ಕೆ, ನಮ್ಮ ಮನೆಯಲ್ಲಾದರೆ ಕಮಲಾ ದೀಪ ಹಚ್ಚುವ ಹೊತ್ತೆಂದು, ಮತ್ತೆ ಅರ್ಧ ಗಂಟೆ. ಬೆಳಗಾದ ಮೇಲೂ ಕಿಟಕಿ ಬಾಗಿಲು ತೆಗೆಯದ ಮನೆ ಸೂತಕದ ಮನೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ಹಾಗಾಗಿ ಒಂದೇ ಕೆಲಸದಲ್ಲಿ ದೇವರೂ ಅಮ್ಮನೂ ಸಂತುಷ್ಟರು. ಕೋಣೆ ಐಸ್ ಫ್ಯಾಕ್ಟರಿ ಆಗುತ್ತಿದ್ದುದು ನಿಜ. ಅದಕ್ಕೆ ಕಮಲಾ ಹೆಣೆದ ಸ್ವೆಟರಿತ್ತು.

ಆ ಕಿಟಕಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ಕಿಟಕಿಗಳಂತೆ ಅದಕ್ಕೆ ಕೀಲು ಕೊಂಡಿಗಳಿಲ್ಲ. ಗಾಜಿನ ಚೌಕಟ್ಟು ಮೇಲಕ್ಕೆ ಜಾರುತ್ತದೆ. ಗೋಡೆಯ ಮರದೊಳಗೆ ರಾಟೆ, ರಾಟೆಯ ಮೇಲೆ ಹಗ್ಗ, ಹಗ್ಗದ ತುದಿಗೆ ಕಬ್ಬಿಣದ ಗುಂಡು. ನೀವು ಚೌಕಟ್ಟನ್ನು ಎತ್ತಿದರೆ ಗುಂಡು ಕೆಳಗಿಳಿದು ನಿಮ್ಮ ಭಾರ ತಾನು ಹೊರುತ್ತದೆ. ಎಡಗೈಯ ಎರಡು ಬೆರಳು ಸಾಕು. ಇಂಥ ಕಿಟಕಿಯನ್ನು ತೆರೆಯದೆ ಬಿಡುವುದು ಕಟ್ಟಿದವನಿಗೆ ಮಾಡುವ ಅವಮಾನ.

ನಾಲ್ಕನೆಯ ದಿನ: ಸಂಬಳದ ಪರಿಸರ

ಓಣಿಯಲ್ಲಿ ಊದುಬತ್ತಿಯ ವಾಸನೆ ಬಂತು. ನಾನಲ್ಲ ಎಂದು ಮೊದಲು ಖಾತ್ರಿ ಮಾಡಿಕೊಂಡು ಹೋಗಿ ನೋಡಿದರೆ, ಶಬಾನಾ ಕೈಯಲ್ಲಿ ಒಂದು ಬತ್ತಿ ಹಿಡಿದು ಒಂದೊಂದೇ ಕಿಟಕಿಯ ಅಂಚಿಗೆ ನಿಧಾನವಾಗಿ ಬೆಳಗುತ್ತಿದ್ದಾಳೆ. ಹಿಂದೆ ಕೆಂಪು ಕೂದಲಿನ ಹುಡುಗ ಹಲಗೆಯ ಮೇಲೆ ಬರೆದುಕೊಳ್ಳುತ್ತಿದ್ದಾನೆ. ಪುರೋಹಿತೆ, ಶಾನುಭೋಗ.

"ಕಿಟಕಿಗೆಲ್ಲ ಆರತಿನಾಮ್ಮ? ಅಲಾರಂ?"

"ಆಫೀಸ್‌ಗೆ ಹೇಳಿ ಆಫ್ ಮಾಡ್ಸಿದ್ದೀವಿ ಅಂಕಲ್. ಹೊಗೆ ಎಲ್ಲಿ ಅಲ್ಲಾಡುತ್ತೋ ಅಲ್ಲಿ ಸಂದಿ ಇದೆ ಅಂತ. ಇದು ನನ್ ಕೆಲ್ಸ. ಸಂಬಳ ಕೊಡ್ತಾರೆ."

ನನಗೆ ತಲೆ ತಿರುಗಿತು. ಪರಿಸರಕ್ಕೆ ಸಂಬಳ! ಬಿಸ್ಕತ್ತಿನಲ್ಲಿ ಮುಗಿಯುವ ವಿಷಯವಲ್ಲವೇ ಅದು?

ವಿಷಯ ಹೀಗಿತ್ತು. ಆ ವಿಶ್ವವಿದ್ಯಾಲಯ ತನ್ನ ಕಟ್ಟಡ, ಅಡುಗೆಮನೆ, ಕಸ, ಬಿಸಿನೀರು ಇವುಗಳನ್ನೇ ವಿದ್ಯಾರ್ಥಿಗಳ ಕೈಗೆ ಕೊಟ್ಟು, ಹವೆ ಕೆಡಿಸದೆ ನಡೆಸುವ ದಾರಿ ಹುಡುಕಿ ಎಂದು ವಾರಕ್ಕೆ ಇಷ್ಟು ಗಂಟೆ ಕೆಲಸಕ್ಕಿಟ್ಟುಕೊಳ್ಳುತ್ತದೆ. ಶಬಾನಾ ಮತ್ತು ಆ ಕೆಂಪು ಕೂದಲಿನ ಕ್ಯಾಲಮ್‌ಗೆ ಬಂದದ್ದು ಹಾಸ್ಟೆಲಿನ ಕಿಟಕಿಗಳು. ಎಲ್ಲವೂ ಬಣ್ಣದ ಮೇಲೆ ಬಣ್ಣ ಬಳಿದು ಚೌಕಟ್ಟಿಗೆ ಅಂಟಿಹೋಗಿವೆ. ತೆರೆಯುವುದೂ ಇಲ್ಲ, ಸರಿಯಾಗಿ ಮುಚ್ಚುವುದೂ ಇಲ್ಲ. ಸಂದಿಯಿಂದ ಶಾಖವೆಲ್ಲ ಹೊರಗೆ ಹರಿಯುತ್ತದೆ. ಬೇಸಿಗೆ ರಜೆಯಲ್ಲಿ ಎಲ್ಲವನ್ನೂ ಕಿತ್ತು ಪ್ಲಾಸ್ಟಿಕ್ ಕಿಟಕಿ ಕೂರಿಸುವುದೆಂದು ಕಟ್ಟಡ ವಿಭಾಗದ ಯೋಚನೆ.

"ನೂರು ವರ್ಷದ ಮರ ಅಂಕಲ್. ತಿಪ್ಪೆಗೆ ಹಾಕ್ತಾರಂತೆ! ಶಿವಾಜಿನಗರದಲ್ಲಿ ನಮ್ ನಾನಾದು, ಅಂದ್ರೆ ತಾತಂದು, ಫರ್ನಿಚರ್ ಪಾಲಿಶ್ ಅಂಗಡಿ. ಮರ ಬಿಸಾಕಿದ್ರೆ ಅನ್ನ ಬಿಸಾಕ್ದಂಗೆ ಅಂತಾರೆ ಅವ್ರು. ನಾನು ಹೇಳ್ದೆ, ಒಂದ್ ಕಿಟಕಿ ರಿಪೇರಿ ಮಾಡಿ ತೋರಿಸ್ತೀವಿ, ಹತ್ತು ದಿನ ನೋಡಿ, ಆಮೇಲೆ ಡಿಸೈಡ್ ಮಾಡಿ ಅಂತ. ಬಣ್ಣ ಕೆರೆದು, ಹಗ್ಗ ಹಾಕಿ, ಅಂಚಿಗೆ ಗಾಳಿ ತಡೆಯೋ ಬ್ರಷ್ ಪಟ್ಟಿ ಕೂರಿಸಿ, ಜಾರೋ ಜಾಗಕ್ಕೆ ಮೇಣದ ಬತ್ತಿ ಉಜ್ಜಿ... ಮೂರು ವಾರ ಹಿಡೀತು. ಅದೇ ನಿಮ್ ರೂಮಿನ ಕಿಟಕಿ. ಹೆಂಗಿದೆ?"

"ಫಸ್ಟ್ ಕ್ಲಾಸು ಕಣಮ್ಮ" ಎಂದೆ. ಎರಡು ಬೆರಳಿನಿಂದ ಎತ್ತಿದ ಅನುಭವದ ಮೇಲೆ, ಅಂತಃಕರಣಪೂರ್ವಕವಾಗಿ ಹೇಳಿದೆ. ಹತ್ತು ದಿನ ನೋಡುವುದೆಂದರೆ ಯಾರೋ ಬಂದು ಕಣ್ಣಿನಿಂದ ನೋಡುತ್ತಾರೆ ಎಂದುಕೊಂಡೆ. ನೋಡುವ ಕೆಲಸವನ್ನು ಸೊಳ್ಳೆ ಮಶೀನು ಮಾಡುತ್ತಿದೆಯೆಂದು ಯಾರು ಊಹಿಸುತ್ತಾರೆ?

ಅವಳ ಮುಖ ಅರಳಿತು. "ಹಾಗಾದ್ರೆ ಓಕೆ. ಇದು ಸರಿ ಹೋಗ್ಲಿಲ್ಲ ಅಂದ್ರೆ ಎಲ್ಲಾ ಕಿಟಕಿಗಳೂ ಹೋದ್ವು ಅಂಕಲ್. ಹಟ ಮಾಡಿದ್ದು ನಾನೊಬ್ಳೇ."

ಆ ಮಧ್ಯಾಹ್ನ ಅವರಿಬ್ಬರೊಂದಿಗೆ ಹಳೆಯ ಸಾಮಾನಿನ ಅಂಗಡಿಗೆ ಬಸ್ಸಿನಲ್ಲಿ ಹೋದೆ, ಕಿಟಕಿಯ ಕಬ್ಬಿಣದ ಗುಂಡು ಹುಡುಕಲು. ಬಸ್ಸಿನಲ್ಲಿ ಯಾರೂ ಮಾತಾಡುವುದಿಲ್ಲ. ಇಳಿಯುವಾಗ ಮಾತ್ರ ಪ್ರತಿಯೊಬ್ಬನೂ ಡ್ರೈವರನಿಗೆ ಥ್ಯಾಂಕ್ಸ್ ಹೇಳುತ್ತಾನೆ. ನಮ್ಮ ಕೆ.ಆರ್. ಪುರದ ಬಸ್ಸಿನಲ್ಲಿ ಸಂಜೆ ಹೊತ್ತು ಹಾಗೆ ಒಬ್ಬೊಬ್ಬರೂ ಥ್ಯಾಂಕ್ಸ್ ಹೇಳಿ ಇಳಿಯತೊಡಗಿದರೆ ಬಸ್ಸು ಟಿನ್ ಫ್ಯಾಕ್ಟರಿ ದಾಟುವುದಕ್ಕೆ ಬೆಳಗಾದೀತು. ಆದರೂ ನಾನು ಹೇಳಿದೆ. ಡ್ರೈವರು ನನ್ನನ್ನು ನೋಡಿ ನಕ್ಕ. ಮೂವತ್ತೊಂದು ವರ್ಷ ಕಾಲೇಜು ಬಸ್ಸಿನಲ್ಲಿ ಓಡಾಡಿದ ನನಗೆ ನಮ್ಮ ಡ್ರೈವರು ನಗುತ್ತಿದ್ದನೋ ಇಲ್ಲವೋ ನೆನಪಾಗಲಿಲ್ಲ.

ಆ ಇಬ್ಬರು ಮಕ್ಕಳು ಕೆಲಸ ಮಾಡುವ ರೀತಿಯನ್ನು ನಾನು ದಿನವೂ ನೋಡಿದೆ. ಚಹಾಕ್ಕೆ ಎದ್ದರೆ ಎದ್ದ ಹೊತ್ತನ್ನು ಬರೆಯುತ್ತಾರೆ. ನನ್ನ ಜೊತೆ ಹರಟೆ ಹೊಡೆದ ಕಾಲು ಗಂಟೆಯನ್ನು ಶಬಾನಾ ತನ್ನ ಹಾಳೆಯಿಂದ ಕಳೆದಳು. "ಇದು ಅವ್ರ ಟೈಮಲ್ಲ ಅಂಕಲ್, ನಂದು." ಕ್ಯಾಲಮ್ ಕೆಟಲಿಗೆ ಕುಡಿಯುವವರ ಲೋಟದಲ್ಲೇ ಅಳೆದು ನೀರು ಹಾಕುತ್ತಾನೆ, ಒಂದು ಹನಿ ಹೆಚ್ಚಿಲ್ಲ. ಅವನ ಇಂಗ್ಲಿಷಿನಲ್ಲಿ ಅರ್ಧ ನನಗೆ ತಿಳಿಯುತ್ತಿತ್ತು. ಉಳಿದರ್ಧವನ್ನು ಶಬಾನಾ ತಿಳಿಸುತ್ತಿದ್ದಳು. ಕೆರೆದ ಬಣ್ಣದ ಪುಡಿಯನ್ನೂ ಅವರು ಚೀಲದಲ್ಲಿ ಕಟ್ಟಿ, ಮೇಲೆ ತಾರೀಖು ಬರೆದಿಡುತ್ತಿದ್ದರು. ನಾನು ಒಂದು ಮಾತಿನ ಬುದ್ಧಿಯನ್ನೂ ಹೇಳಲಿಲ್ಲ. ಕಮಲಾ ನಂಬಲಿಕ್ಕಿಲ್ಲ, ಹೇಳಲು ಜಾಗವೇ ಸಿಗಲಿಲ್ಲ.

ಹನ್ನೊಂದನೆಯ ದಿನ: ಎರಡು ಹೊಂಡ

ಹಾಸ್ಟೆಲಿನ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಶಬಾನಾ ಕುಳಿತಿದ್ದಳು. ನಾನು ಚಟ್ನಿಪುಡಿ ಹಾಕಿದ ಬ್ರೆಡ್ಡು ಹಿಡಿದು ಹೋದೆ. ಅವಳು ಕೈ ಚಾಚಲಿಲ್ಲ.

"ಏನಾಯ್ತಮ್ಮ?"

"ಫೇಲ್ ಆಯ್ತು ಅಂಕಲ್."

ಪರದೆಯ ಮೇಲೆ ಹತ್ತು ಗೆರೆಗಳು. ಒಂದೊಂದು ಗೆರೆ ಒಂದೊಂದು ಕೋಣೆಯ ಶಾಖ. ರಿಪೇರಿಯಾಗದ ಒಂಬತ್ತು ಕೋಣೆಗಳ ಗೆರೆಗಳು ತಕ್ಕಮಟ್ಟಿಗೆ ಮರ್ಯಾದೆಯಿಂದ ಸಾಗಿದ್ದವು. ಹತ್ತನೆಯದು ಕೆಂಪು. ಎಲ್ಲಕ್ಕಿಂತ ಕೆಳಗಿತ್ತು, ದಿನಕ್ಕೆ ಎರಡು ಕಡೆ ಹಳೇ ಮದ್ರಾಸ್ ರಸ್ತೆಯಲ್ಲಿ ಸ್ಕೂಟರ್ ಇಳಿದಂತೆ ಹೊಂಡಕ್ಕೆ ಬೀಳುತ್ತಿತ್ತು.

"ಇದು ಹದಿನಾಲ್ಕು. ರಿಪೇರಿ ಮಾಡಿದ್ದೇ ಎಲ್ಲಕ್ಕಿಂತ ತಣ್ಣಗಿದೆ. ಆ ಸೆನ್ಸರ್ ಸರಿಯಾಗೇ ಇದೆ, ಚೆಕ್ ಮಾಡಿದ್ವಿ. ನಿಮ್ ಗಣಪತಿ ಪಕ್ಕ ಇದ್ಯಲ್ಲ, ಅದು."

ಸೊಳ್ಳೆ ಮಶೀನು!

ಕ್ಯಾಲಮ್ ಏನೋ ಹೇಳಿದ. ಹದಿನಾಲ್ಕನೇ ಕೋಣೆಯ ಗೆರೆ ಬಿಟ್ಟುಬಿಡೋಣ, ಬತ್ತಿಯ ಪರೀಕ್ಷೆಯಲ್ಲಿ ಹೊಗೆ ಅಲ್ಲಾಡಲಿಲ್ಲವಲ್ಲ, ಅಷ್ಟನ್ನೇ ತೋರಿಸೋಣ ಎಂದು ಅದರ ಸಾರ. ಶಬಾನಾ ತಲೆಯಾಡಿಸಿದಳು. ನನಗೆ ಕನ್ನಡದಲ್ಲಿ ಹೇಳಿದಳು, "ಸಂಬಳ ತಗೊಂಡ್ಮೇಲೆ ಬಂದಿದ್ದನ್ನೇ ಬರೀಬೇಕು ಅಲ್ವಾ ಅಂಕಲ್? ನಾಳೆ ಮೀಟಿಂಗಲ್ಲಿ ಕಿತ್ತಾಕಿ ಅಂತ ನಾನೇ ಹೇಳ್ತೀನಿ."

ನಾನು ಹೊಂಡಗಳನ್ನು ನೋಡಿದೆ. ಒಂದು ಬೆಳಗಿನ ಐದೂವರೆಗೆ, ಒಂದು ಸಂಜೆ ಆರಕ್ಕೆ. ಎರಡೂ ಹೊತ್ತುಗಳು ನನಗೆ ಬಹಳ ಹತ್ತಿರದ ನೆಂಟರು. ಹೇಳಬೇಕಿತ್ತು. ಬಾಯಿ ತೆರೆದೆ. ಮಾತಿನ ಬದಲು ಬ್ರೆಡ್ಡನ್ನು ಅದಕ್ಕೆ ತುರುಕಿ ಎದ್ದು ಬಂದೆ. ನೋಟಿಸು ಹಾಕಿದ ಮೇಲೂ ತಪ್ಪು ಮಾಡಿದವರನ್ನು ಮೂವತ್ತೊಂದು ವರ್ಷ ನಿಲ್ಲಿಸಿ ವಿಚಾರಿಸಿದವನು, ಈಗ ಆ ಕಡೆ ನಿಲ್ಲುವುದು ಸುಲಭವಲ್ಲ.

ಕೋಣೆಗೆ ಬಂದು ಕನ್ನಡಕ ಹಾಕಿಕೊಂಡು ಆ ನೋಟಿಸನ್ನು ಮೊದಲ ಸಲ ಓದಿದೆ. ಇಲ್ಲಿ ಅಳತೆ ನಡೆಯುತ್ತಿದೆ, ದಯವಿಟ್ಟು ಹತ್ತು ದಿನ ಕಿಟಕಿ ತೆರೆಯಬೇಡಿ, ತೊಂದರೆಗೆ ಕ್ಷಮಿಸಿ. ಕೆಳಗೆ ಶಬಾನಾಳ ಸಹಿ. ಸಹಿಯ ಪಕ್ಕದಲ್ಲಿ ಒಂದು ಪುಟ್ಟ ನಗುಮುಖ. ನಾನು ಬರೆದ ಒಂದು ನೋಟಿಸಿನಲ್ಲೂ ದಯವಿಟ್ಟು ಎಂಬ ಪದವಿರಲಿಲ್ಲ.

ಹನ್ನೆರಡನೆಯ ದಿನ: ಎಡಗೈ

ಬೆಳಗ್ಗೆ ಗಣಪತಿಗೆ ಬರಿ ಕೈ ಮುಗಿದು ಕೆಳಗಿಳಿದೆ. ಶಬಾನಾ ಲೋಟ ತೊಳೆಯುತ್ತಿದ್ದಳು.

"ನೋಡಮ್ಮ, ಆ ಹೊಂಡ ನಿನ್ ಕಿಟಕೀದಲ್ಲ. ನಂದು. ದಿನಾ ಎರಡು ಹೊತ್ತು ಕಿಟಕಿ ತೆಗ್ದು ಊದುಬತ್ತಿ ಹಿಡಿದಿದ್ದೀನಿ. ಸುಜಾತಾ ಹೊರಗಡೆ ಅಂದ್ಲು. ನಾನು ಕೈ ಹೊರಗಡೆ ಹಾಕ್ದೆ."

"ಅಂಕಲ್!" ಲೋಟ ಸಿಂಕಿಗೆ ಬಿತ್ತು. "ಹತ್ತು ದಿನಾನೂ? ಈ ಚಳೀಲಿ? ನೋಟಿಸು?"

"ಓದ್ಲಿಲ್ಲ."

"ಯಾಕೆ?"

ಮೂವತ್ತೊಂದು ವರ್ಷದ ಅನುಭವವನ್ನು ಆ ಹೊತ್ತಿನಲ್ಲಿ ವಿವರಿಸುವುದು ಸರಿಯೆನಿಸಲಿಲ್ಲ. ಅವಳ ಕಣ್ಣಲ್ಲಿ ನೀರಾಡಿತು. ಸಿಟ್ಟಿನದೋ ಸಮಾಧಾನದ್ದೋ ತಿಳಿಯಲಿಲ್ಲ. ಆಮೇಲೆ ಕೈ ಒರೆಸಿಕೊಂಡು, "ಹನ್ನೊಂದು ಗಂಟೆಗೆ ಮೀಟಿಂಗು. ನೀವೇ ಬಂದು ಹೇಳಿ. ನಾನು ಹೇಳಿದ್ರೆ ನೆಪ ಅಂತಾರೆ. ನೀವು ಹೇಳಿದ್ರೆ ಸಾಕ್ಷಿ" ಎಂದಳು.

ಸಭೆಯಲ್ಲಿ ಮೂವರು ಅಧಿಕಾರಿಗಳಿದ್ದರು. ಮಧ್ಯದಲ್ಲಿ ಕಟ್ಟಡ ವಿಭಾಗದ ಮುಖ್ಯಸ್ಥೆ ಮೊರಾಗ್. ಬಿಳಿಯ ಕೂದಲು, ಕಟ್ಟಿದ ತೋಳು. ಪ್ಲಾಸ್ಟಿಕ್ ಕಿಟಕಿಯ ಯೋಚನೆ ಆಕೆಯದೇ. ಶಬಾನಾ ಹತ್ತು ಗೆರೆಗಳನ್ನೂ ತೋರಿಸಿದಳು, ಕೆಂಪನ್ನು ಎಲ್ಲಕ್ಕಿಂತ ದಪ್ಪವಾಗಿ. ಆಮೇಲೆ ನನ್ನ ಕಡೆ ನೋಡಿದಳು. ನಾನು ಎದ್ದೆ. ಮೇಲಧಿಕಾರಿಗಳಿಗೆ ಕಾರಣ ಹೇಳುವ ನನ್ನ ಇಂಗ್ಲಿಷು ಇನ್ನೂ ತುಕ್ಕು ಹಿಡಿದಿರಲಿಲ್ಲ. ಆದರೆ ತಪ್ಪು ನನ್ನದು ಎಂದು ಅದರಲ್ಲಿ ಹೇಳಿದ್ದು ಅದೇ ಮೊದಲ ಸಲ, ಸ್ವಲ್ಪ ತಡವರಿಸಿತು.

ಮೊರಾಗ್ ಕೇಳಿದ್ದು ಒಂದೇ ಪ್ರಶ್ನೆ. "ಕಿಟಕಿ ತೆರೆಯಲು ನಿಮಗೆ ಯಾರು ಸಹಾಯ ಮಾಡಿದರು?"

"ಯಾರೂ ಇಲ್ಲ. ಎಡಗೈಯಿಂದ ತೆರೆದೆ."

"ಎಡಗೈ?"

"ಬಲಗೈಯಲ್ಲಿ ಊದುಬತ್ತಿ ಇತ್ತು."

ಆಕೆ ಎದ್ದು ನಡೆದೇಬಿಟ್ಟರು. ನಾವೆಲ್ಲ ಮೆರವಣಿಗೆಯಂತೆ ಹಿಂದೆ ಹೊರಟು ಹದಿನಾಲ್ಕನೇ ಕೋಣೆ ತುಂಬಿದೆವು. ಗಣಪತಿಗೆ ಅಷ್ಟು ಭಕ್ತರು ಒಮ್ಮೆಗೇ ಬಂದದ್ದು ಅದೇ ಮೊದಲು. ಮೊರಾಗ್ ಚೌಕಟ್ಟಿಗೆ ಎರಡು ಬೆರಳು ಕೊಟ್ಟು ಎತ್ತಿದರು. ಅದು ಸದ್ದಿಲ್ಲದೆ ಮೇಲೇರಿತು. ಸಮುದ್ರದ ಗಾಳಿ ಒಳಗೆ ನುಗ್ಗಿ ಎಲ್ಲರ ಕಾಗದ ಹಾರಿಸಿತು. ಮತ್ತೆ ಇಳಿಸಿದರು, ಗಾಳಿ ಕತ್ತರಿಸಿದಂತೆ ನಿಂತಿತು.

"ಇಪ್ಪತ್ತೆರಡು ವರ್ಷದಿಂದ ಈ ಕಟ್ಟಡ ನೋಡುತ್ತಿದ್ದೇನೆ" ಎಂದರು. "ಇಬ್ಬರು ಆಳು, ಒಂದು ಸುತ್ತಿಗೆ ಇಲ್ಲದೆ ಇಲ್ಲಿ ಒಂದು ಕಿಟಕಿಯೂ ತೆರೆದದ್ದಿಲ್ಲ. ಪ್ರತಿ ಸಲ ಬಣ್ಣ ಬಳಿಸಿದ್ದು ನಾನೇ." ಆ ಕೊನೆಯ ವಾಕ್ಯ ಕೇಳಿ, ಸಮುದ್ರದಾಚೆ ನನಗೊಬ್ಬ ಅಕ್ಕ ಸಿಕ್ಕಂತಾಯಿತು. ಆಕೆ ನೆಲ ನೋಡಿದರು, ನಾನೂ ನೋಡಿದೆ.

ತೀರ್ಪು ಅಷ್ಟು ಸುಲಭಕ್ಕೆ ಬರಲಿಲ್ಲ. ಬೆರಳಿಗೆ ಹಗುರವಾದದ್ದು ಶಾಖಕ್ಕೂ ಒಳ್ಳೆಯದೆಂದು ಅರ್ಥವಲ್ಲ ಎಂದರು, ನ್ಯಾಯವೇ. ಹದಿನಾಲ್ಕನ್ನು ಖಾಲಿ ಬಿಟ್ಟು ಇನ್ನೊಂದು ವಾರ ಅಳೆಯಿರಿ. ಗೆರೆ ಏನು ಹೇಳುತ್ತದೋ ಅದರಂತೆ ಆಗಲಿ.

ನನ್ನ ವಿಮಾನ ಮರುದಿನವೇ ಇತ್ತು. ವಿಜ್ಞಾನಕ್ಕೆ ನಾನು ಮಾಡಬಹುದಾದ ದೊಡ್ಡ ಸೇವೆಯೆಂದರೆ ಹೊರಟುಹೋಗುವುದು. ಮಾಡಿದೆ. ಬಸ್ ಸ್ಟಾಪಿನವರೆಗೆ ಬಂದ ಶಬಾನಾ, "ಉಳಿದ ಅಗರಬತ್ತಿ ಕೊಟ್ಟೋಗಿ ಅಂಕಲ್, ಕೆಲ್ಸಕ್ಕೆ ಬರುತ್ತೆ" ಎಂದಳು. ಎರಡು ಪೊಟ್ಟಣ ಕೊಟ್ಟೆ. ತೂಗಿ ನೋಡಿ, ಬಂದ ಕೊಡುಗೆ ಎಂದು ಹಾಳೆಯಲ್ಲಿ ಬರೆದುಕೊಂಡಳು.

ಮತ್ತೆ ಮರ್ಫಿ ಟೌನ್

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬೀದಿಗೆ ಒಂದು ಕಿಟಕಿಯಿದೆ. ಹಸಿರು ಬಣ್ಣ. ಕಾಲೇಜಿನಲ್ಲಿ ಉಳಿದ ಡಬ್ಬಿಯಿಂದ ನಾನೇ ನಿಂತು ಬಳಿಸಿದ್ದು. ಒಂದು ಪದರವಲ್ಲ, ನಾಲ್ಕು. ಅದು ಚೌಕಟ್ಟಿಗೆ ಅಂಟಿ ಯಾವ ಕಾಲವಾಯಿತೋ. ಬಂದ ಮೂರನೆಯ ದಿನ ಬ್ಲೇಡು, ಮೇಣದ ಬತ್ತಿ ಹಿಡಿದು ಕುಳಿತೆ. ಎರಡು ಬೆಳಗು ಕೆರೆದೆ. ಪುಡಿಯನ್ನು ಕವರಿಗೆ ಹಾಕಿ ತಾರೀಖು ಬರೆದೆ. ಕಮಲಾ ಬಾಗಿಲಲ್ಲಿ ನಿಂತು ನೋಡಿದಳು.

"ಇದನ್ನ ತೆಗೀರಿ ಅಂತ ಇಪ್ಪತ್ತು ವರ್ಷದಿಂದ ಬಡ್ಕೋತಿದ್ದೀನಿ. ಇದಕ್ಕೆ ಸ್ಕಾಟ್ಲೆಂಡಿಗೆ ಹೋಗ್ಬೇಕಿತ್ತಾ?"

ಕಿಟಕಿ ಒಮ್ಮೆ ನರಳಿ ತೆರೆಯಿತು. ಬೀದಿ ಒಳಗೆ ಬಂತು: ಸೊಪ್ಪಿನವಳ ಕೂಗು, ಎದುರು ಮನೆಯ ತಮಿಳು ರೇಡಿಯೋ, ಯಾರದೋ ಸಾರಿನ ಒಗ್ಗರಣೆ.

ಆ ವಾರದ ಕೊನೆಗೆ ಫೋನು ಗುಂಯ್ ಎಂದಿತು. ಶಬಾನಾ ಒಂದು ಚಿತ್ರ ಕಳಿಸಿದ್ದಳು. ಹತ್ತು ಗೆರೆಗಳು. ಕೆಂಪು ಗೆರೆ ಎಲ್ಲಕ್ಕಿಂತ ಮೇಲಿತ್ತು. ಅತ್ತಿತ್ತ ಅಲುಗದೆ, ಒಂದು ಹೊಂಡವೂ ಇಲ್ಲದೆ ಸಾಗಿತ್ತು. ಕೆಳಗೆ ಬರೆದಿದ್ದಳು: "ಮೊದಲ ಮಹಡಿ ಪೂರ್ತಿ ರಿಪೇರಿಗೆ ಒಪ್ಪಿದ್ರು ಅಂಕಲ್. ಪ್ಲಾಸ್ಟಿಕ್ ಸದ್ಯಕ್ಕೆ ಇಲ್ಲ. ನಮ್ ಕೆಲ್ಸ ಮುಂದಿನ ಚಳಿಗಾಲದವರೆಗೂ ಇದೆ. ನಮ್ ನಾನಾಗೆ ಫೋನ್ ಮಾಡಿ ಹೇಳ್ದೆ, ಅತ್ತುಬಿಟ್ರು."

ನಾನು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಫೋನನ್ನು ಕಮಲಾಳ ಮುಂದೆ ಹಿಡಿದೆ.

"ಏನಿದು, ಬರೀ ಗೆರೆ?"

"ನಾನು ಅಲ್ಲಿಂದ ಹೊರಟ ಮೇಲೆ ಆ ಕೋಣೆ ಹೇಗಿದೆ ಅನ್ನೋ ಚಿತ್ರ."

ಅವಳು ಆ ನೆಟ್ಟನೆಯ ಕೆಂಪು ಗೆರೆಯನ್ನು ಮನಸ್ಸಿಟ್ಟು ನೋಡಿದಳು. "ನೀವು ಹೋದಾಗ ಇಲ್ಲೂ ಹಿಂಗೇ ಇತ್ತು" ಎಂದಳು. ಆಮೇಲೆ ಊದುಬತ್ತಿ ಹಚ್ಚಿ ತಂದು ನನ್ನ ಬಲಗೈಗೆ ಕೊಟ್ಟು, ಕಿಟಕಿಯನ್ನು ತಾನೇ ತೆರೆದಳು.